ಸುಂಕದ ಕಟ್ಟೆಯ ಮೇಲಿನ ಮನೆ

ನಮ್ಮ ಮನೆಯಲ್ಲಿ ಒಗ್ಗರಣೆ ಹಾಕುವುದಕ್ಕೂ ಹೊತ್ತು ಗೊತ್ತಿತ್ತು. ಬೆಳಿಗ್ಗೆ ಹತ್ತರೊಳಗೆ ಹಾಕಬೇಕು, ಇಲ್ಲದಿದ್ದರೆ ಸಂಜೆ ಐದರ ಮೇಲೆ. ಆ ನಡುವೆ ಸಾಸಿವೆ ಸಿಡಿಯುವಂತಿರಲಿಲ್ಲ, ಇಂಗಿನ ಡಬ್ಬಿಯ ಮುಚ್ಚಳ ತೆರೆಯುವಂತಿರಲಿಲ್ಲ, ಒಣಮೆಣಸಿನಕಾಯಿ ಹುರಿಯುವ ಮಾತಂತೂ ಇಲ್ಲವೇ ಇಲ್ಲ. ಹಿಮ್ಮಡಿ ಊರಿ ನಡೆಯುವಂತಿರಲಿಲ್ಲ. ಕುರ್ಚಿಯನ್ನು ಎಳೆಯದೆ ಎತ್ತಿ ಇಡಬೇಕಿತ್ತು. ಫೋನ್ ಬಂದರೆ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮಾತಾಡಬೇಕಿತ್ತು. ಇದಕ್ಕೆಲ್ಲ ಕಾರಣ ನಮ್ಮ ಕಾಲಡಿಯ ಹಲಗೆಗಳ ಕೆಳಗಿದ್ದ ಮ್ಯೂಸಿಯಂ. ಹಳದಿ ಸುಣ್ಣಕಲ್ಲಿನಿಂದ ಕಟ್ಟಿದ ಆ ಎರಡು ಅಂತಸ್ತಿನ ಕಟ್ಟಡ ಒಂದು ಕಾಲದಲ್ಲಿ ಕಾಲುವೆಯ ಸುಂಕದ ಕಚೇರಿಯಾಗಿತ್ತು. ಗೋಧಿ, ಮರ, ಕಲ್ಲು ಹೊತ್ತು ಬರುತ್ತಿದ್ದ ದೋಣಿಗಳು ಅದರ ಮುಂದೆ ನಿಂತು ಸುಂಕ ಕೊಟ್ಟು ಮುಂದೆ ಹೋಗುತ್ತಿದ್ದವಂತೆ. ರೈಲು ಬಂದ ಮೇಲೆ ದೋಣಿಗಳು ನಿಂತವು. ನಾವು ಹೋಗುವ ಹೊತ್ತಿಗೆ ಕೆಳಗಿನ ಅಂತಸ್ತಿನಲ್ಲಿ ಸುಂಕದವನ ಮೇಜು, ತಕ್ಕಡಿ, ಕೋಟು ಹಾಕಿಕೊಂಡ ಒಂದು ಮೇಣದ ಗುಮಾಸ್ತ, ಇವೆಲ್ಲವನ್ನು ನೋಡಲು ಬರುವ ಪ್ರವಾಸಿಗರು ಇದ್ದರು. ಮೇಲಿನ ನಾಲ್ಕು ಕೋಣೆಗಳಲ್ಲಿ ನಾವಿದ್ದೆವು. ನನ್ನ ಅಮ್ಮ ಆ ಮ್ಯೂಸಿಯಂನ ಮೇಲ್ವಿಚಾರಕಿ, ಗೈಡ್ ಎರಡೂ ಆಗಿದ್ದಳು. ಆ ಕೆಲಸದ ಜೊತೆಗೆ ಮನೆ ಬಂದಿತ್ತು, ಮನೆಯ ಜೊತೆಗೆ ಈ ಕಟ್ಟುಪಾಡು.

ಊರು ಶಿಕಾಗೊದಿಂದ ನೈಋತ್ಯಕ್ಕೆ ಮೂವತ್ತು ಚಿಲ್ಲರೆ ಮೈಲಿ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಶನಿವಾರ ಭಾನುವಾರಗಳಲ್ಲಿ ಅಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಕಾಲುವೆಯ ದಂಡೆಯಲ್ಲಿ ಹೇಸರಗತ್ತೆಯೊಂದು ಹಗ್ಗ ಕಟ್ಟಿಕೊಂಡು ಪ್ರವಾಸಿಗರ ದೋಣಿಯನ್ನು ಎಳೆಯುತ್ತಿತ್ತು. ಜನ ಅದರ ಫೋಟೊ ತೆಗೆಯುತ್ತಿದ್ದರು, ಕಲ್ಲಿನ ಗೋಡೆಗಳಿಗೆ ಒರಗಿ ತಮ್ಮ ಫೋಟೊ ತೆಗೆಸಿಕೊಳ್ಳುತ್ತಿದ್ದರು, ನಮ್ಮ ಹಿಂದಿನ ಮೆಟ್ಟಿಲ ಮೇಲೆ ಕೂತು ಐಸ್‌ಕ್ರೀಂ ತಿನ್ನುತ್ತಿದ್ದರು. ಆ ದಿನಗಳಲ್ಲಿ ಕಾರು ಹೊರಗೆ ತೆಗೆದರೆ ಮತ್ತೆ ನಿಲ್ಲಿಸಲು ಜಾಗ ಸಿಗುತ್ತಿರಲಿಲ್ಲ. ಆದ್ದರಿಂದ ಶುಕ್ರವಾರ ಸಂಜೆಯೇ ಹಾಲು, ತರಕಾರಿ ತಂದಿಟ್ಟುಕೊಳ್ಳುತ್ತಿದ್ದೆವು. ಊರೊಳಗಿನ ಕಿರಾಣಿ ಅಂಗಡಿ ಮುಚ್ಚಿ ಮೇಣದಬತ್ತಿ ಮಾರುವ ಅಂಗಡಿಯಾಗಿತ್ತು. ಕ್ಷೌರದಂಗಡಿ ಇದ್ದಲ್ಲಿ ಕಾಲುವೆಯ ಚಿತ್ರದ ಟೀ ಶರ್ಟ್ ಸಿಗುತ್ತಿತ್ತು. ಒಂದು ಮೊಳೆ ಬೇಕೆಂದರೂ ಹೈವೇಯ ಎಕ್ಸಿಟ್‌ನ ಬಳಿಯ ದೊಡ್ಡ ಅಂಗಡಿಗೆ ಹೋಗಬೇಕು. ಆಗಸ್ಟ್‌ನಲ್ಲಿ ಕಾಲುವೆಯ ನೀರು ನಿಂತು ಪಾಚಿ ನಾರುತ್ತಿತ್ತು. ಚಳಿಗಾಲದಲ್ಲಿ ಊರಲ್ಲಿ ಯಾರೂ ಇರುತ್ತಿರಲಿಲ್ಲ. ಕಲ್ಲಿನ ಗೋಡೆ ಒಳಗೇ ಬೆವರುತ್ತಿತ್ತು. ಹಳೆಯ ಕಿಟಕಿಗಳನ್ನು ಬದಲಿಸಲು ಪಾರಂಪರಿಕ ಕಟ್ಟಡದ ನಿಯಮ ಒಪ್ಪುತ್ತಿರಲಿಲ್ಲ. ಹೊರಗೆ ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್ ಇದ್ದಾಗ ಒಳಗೆ ನಾವು ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಊಟ ಮಾಡುತ್ತಿದ್ದೆವು. ಅದೇ ನಿಯಮದಿಂದಾಗಿ ಅಡುಗೆಮನೆಯ ಗೋಡೆ ಕೊರೆದು ಹೊಗೆಯ ಫ್ಯಾನ್ ಕೂರಿಸುವಂತಿರಲಿಲ್ಲ. ಹೋಗಲು ಬೇರೆ ದಾರಿಯಿಲ್ಲದೆ ಒಗ್ಗರಣೆಯ ವಾಸನೆ ಒಳಮೆಟ್ಟಿಲಲ್ಲಿ ಇಳಿದು ನೇರ ಮೇಣದ ಗುಮಾಸ್ತನ ಬಳಿ ಹೋಗುತ್ತಿತ್ತು.

ಅದಕ್ಕೆ ಮುಂಚೆ ನಾವು ಶಿಕಾಗೊದ ಉಪನಗರವಾದ ಶಾಮ್‌ಬರ್ಗ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಸುತ್ತಮುತ್ತ ಕನ್ನಡದವರು, ತೆಲುಗಿನವರು. ಯಾರ ಮನೆಯ ಸಾರು ಯಾವುದೆಂದು ಕಾರಿಡಾರಿನಲ್ಲೇ ಗೊತ್ತಾಗುತ್ತಿತ್ತು. ಅಪ್ಪ ಪಕ್ಕದ ಹಾಫ್‌ಮನ್ ಎಸ್ಟೇಟ್ಸ್‌ನ ಒಂದು ಕಂಪನಿಯಲ್ಲಿ ಪ್ರೋಗ್ರಾಮರ್. ಅಮ್ಮ ಮೈಸೂರಿನಲ್ಲಿ ಇತಿಹಾಸದಲ್ಲಿ ಎಂ.ಎ. ಮಾಡಿದ್ದಳು. ಮದುವೆಯಾಗಿ ಬಂದ ಮೇಲೆ ವೀಸಾದ ಕಾರಣ ಬಹಳ ವರ್ಷ ಕೆಲಸ ಮಾಡುವಂತಿರಲಿಲ್ಲ. ಗ್ರೀನ್ ಕಾರ್ಡ್ ಬಂದ ವಾರವೇ ಎಲ್ಲೆಲ್ಲಿಗೋ ಅರ್ಜಿ ಹಾಕತೊಡಗಿದಳು. ಈ ಕೆಲಸ ಸಿಕ್ಕಿದ ದಿನ ಅವರಿಬ್ಬರು ಊಟದ ಮೇಜಿನಲ್ಲಿ ಆಡಿದ ಮಾತು ನನಗೆ ನೆನಪಿದೆ. ಅದು ಅವರು ದನಿಯೆತ್ತಿ ಆಡಿದ ಕೊನೆಯ ಜಗಳ.

"ಮ್ಯೂಸಿಯಂ ಮೇಲೆ ಮನೆ ಮಾಡೋದಾ? ನಾನು ದಿನಾ ನಲವತ್ತು ಮೈಲಿ ಡ್ರೈವ್ ಮಾಡ್ಬೇಕು, ವಸು," ಎಂದ ಅಪ್ಪ.

"ಮಾಡಿ. ನಾನು ಒಂಬತ್ತು ವರ್ಷ ಈ ಸೋಫಾದ ಮೇಲೆ ಕೂತಿದೀನಿ."

ಮುಂದಿನ ತಿಂಗಳು ನಾವು ಸಾಮಾನು ಕಟ್ಟಿದೆವು.

ಅಲ್ಲಿಗೆ ಹೋದ ಮೇಲೆ ಮನೆಯ ಚಲನವಲನವೆಲ್ಲ ಕೆಳಬಾಗಿಲಿನ ಹಿತ್ತಾಳೆ ಗಂಟೆಗೆ ಹೊಂದಿಕೊಂಡಿತು. ಮೊದಲ ಪ್ರವಾಸಿ ಬಾಗಿಲು ತಳ್ಳಿದಾಗ ಗಂಟೆ ಕಿಣಿಕಿಣಿ ಎನ್ನುತ್ತಿತ್ತು. ನಾವು ಮೇಲೆ ಇದ್ದಲ್ಲೇ ಚಪ್ಪಲಿ ಕಳಚಿ ಉಣ್ಣೆಯ ಕಾಲುಚೀಲ ಹಾಕಿಕೊಳ್ಳುತ್ತಿದ್ದೆವು. ಅಮ್ಮ ಬೆಳಿಗ್ಗೆ ಐದಕ್ಕೆ ಎದ್ದು ಹುಳಿ, ಪಲ್ಯ, ಅನ್ನ ಎಲ್ಲ ಮುಗಿಸಿ, ಕಿಟಕಿಗಳನ್ನು ತೆರೆದು ಟವೆಲ್ ಬೀಸಿ ವಾಸನೆ ಓಡಿಸಿ, ಸ್ನಾನ ಮಾಡಿ, ಕೂದಲಿಗೆ ಇನ್ನೊಮ್ಮೆ ಶಾಂಪೂ ಹಾಕಿಕೊಂಡು ಕೆಳಗಿಳಿಯುತ್ತಿದ್ದಳು. ಮಧ್ಯಾಹ್ನದ ಊಟ ತಣ್ಣಗಿರುತ್ತಿತ್ತು. ರಜೆಯ ದಿನಗಳಲ್ಲಿ ಅಪ್ಪ, ನಾನು ಎದುರುಬದುರು ಕೂತು ಮಾತಿಲ್ಲದೆ ಮೊಸರನ್ನ ತಿನ್ನುತ್ತಿದ್ದೆವು. ಕೆಳಗಿನಿಂದ ಅಮ್ಮನ ಇಂಗ್ಲಿಷು ಅಸ್ಪಷ್ಟವಾಗಿ ಏರುತ್ತ ಇಳಿಯುತ್ತ ಕೇಳುತ್ತಿತ್ತು. ಅಪ್ಪ ಅಮ್ಮನ ಜಗಳಗಳೂ ಪಿಸುಮಾತಿಗೆ ಇಳಿದವು. ಐದು ಗಂಟೆಯ ಮೇಲೆ ಕೂಗಾಡಲು ಅಡ್ಡಿಯಿರಲಿಲ್ಲ, ಆದರೆ ಅಷ್ಟು ಹೊತ್ತಿಗೆ ಇಬ್ಬರಿಗೂ ಕೂಗುವ ಅಭ್ಯಾಸ ತಪ್ಪಿಹೋಗಿತ್ತು. ಎಲ್ಲ ಮನೆಗಳಲ್ಲೂ ಅಪ್ಪ ಅಮ್ಮ ಹೀಗೇ ಜಗಳವಾಡುತ್ತಾರೆಂದು ನಾನು ತಿಳಿದಿದ್ದೆ. ನನ್ನ ಗಂಡ ಇವತ್ತಿಗೂ ಹೇಳುತ್ತಾನೆ, ನನಗೆ ಸಿಟ್ಟು ಬಂದಿದೆ ಎನ್ನುವುದು ದನಿ ಸಣ್ಣದಾದಾಗಲೇ ಗೊತ್ತಾಗುವುದು ಎಂದು.

ಕುಕ್ಕರಿನದೊಂದು ಪ್ರಸಂಗವಿದೆ. ಒಂದು ದಿನ ಅಮ್ಮನಿಗೆ ತಡವಾಗಿ, ಬೇಳೆ ಬೇಯಲಿಟ್ಟು ಕೆಳಗೆ ಓಡಿದಳು. ಅಪ್ಪ ಒಲೆ ಆರಿಸುವುದನ್ನು ಮರೆತ. ಅಮ್ಮ ಪ್ರವಾಸಿಗರಿಗೆ ದೋಣಿಯವರು ಸುಂಕದವನನ್ನು ಎಬ್ಬಿಸಲು ಹೇಗೆ ಕಹಳೆ ಊದುತ್ತಿದ್ದರೆಂದು ವಿವರಿಸುತ್ತಿರುವಾಗ ಮೇಲೆ ಕುಕ್ಕರ್ ಸೀಟಿ ಹೊಡೆಯಿತು. ಒಬ್ಬ ಮುದುಕ, ಎಷ್ಟು ಚೆನ್ನಾಗಿ ರೆಕಾರ್ಡ್ ಮಾಡಿದ್ದೀರಿ, ಇನ್ನೊಮ್ಮೆ ಹಾಕುತ್ತೀರಾ ಎಂದು ಕೇಳಿದನಂತೆ. ಅಮ್ಮ ಇಲ್ಲವೆನ್ನಲಿಲ್ಲ, ಹೌದೆನ್ನಲಿಲ್ಲ. ಎರಡನೆಯ ಸೀಟಿ ತಾನಾಗಿಯೇ ಬಂತು. ಅಂದು ರಾತ್ರಿ ಊಟಕ್ಕೆ ಕೂತಾಗ ಅಮ್ಮ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಮ್ಯೂಸಿಯಂ ಮುಚ್ಚಿ ಎರಡು ಗಂಟೆಯಾಗಿತ್ತು, ಆದರೂ ಒತ್ತಿಕೊಂಡಿದ್ದಳು.

ಆ ಮನೆಗೆ ನಾವು ಹೋಗಿ ಎರಡನೆಯ ವರ್ಷ ಅಪ್ಪನ ಅಮ್ಮ, ನನ್ನ ಅಜ್ಜಿ, ಮೈಸೂರಿನಿಂದ ಬಂದಳು. ಅಜ್ಜಿ ಸರಸ್ವತಿಪುರಂನಲ್ಲಿ ಮನೆಯಲ್ಲೇ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದವಳು. ಕಿವಿ ಮಂದವಾಗುತ್ತ ಬಂದಂತೆ ಶ್ರುತಿ ತಪ್ಪುತ್ತಿದೆ ಎಂದು ತಾನೇ ಪಾಠ ನಿಲ್ಲಿಸಿದ್ದಳು. ಆದರೆ ಹಾಡುವುದನ್ನು ನಿಲ್ಲಿಸಿರಲಿಲ್ಲ. ತನಗೆ ಕೇಳಿಸಬೇಕಲ್ಲ, ಅಷ್ಟು ಗಟ್ಟಿಯಾಗಿ ಹಾಡುತ್ತಿದ್ದಳು, ಅಷ್ಟೇ ಗಟ್ಟಿಯಾಗಿ ಮಾತಾಡುತ್ತಿದ್ದಳು. ಬಂದ ದಿನ ಅಪ್ಪ ಅವಳನ್ನು ಹಿಂದಿನ ಮೆಟ್ಟಿಲಿಂದ ಹತ್ತಿಸಿಕೊಂಡು ಬಂದು, ಬಾಯಿಯ ಮೇಲೆ ಬೆರಳಿಟ್ಟು ಕೆಳಗೆ ತೋರಿಸಿದ.

"ಏನೋ ಅದು? ಯಾರಿಗಾದ್ರೂ ಮೈ ಹುಷಾರಿಲ್ವಾ?" ಎಂದಳು ಅಜ್ಜಿ.

"ಇಲ್ಲಮ್ಮ. ಕೆಳಗೆ ಮ್ಯೂಸಿಯಂ. ಜನ ಇರ್ತಾರೆ. ಹೇಳಿದ್ನಲ್ಲ ಫೋನಲ್ಲಿ."

"ಇದ್ರೆ ಇರ್ಲಿ. ನಮ್ಮನೇಲಿ ನಾವು ಮಾತಾಡೋದಕ್ಕೆ ಏನಂತೆ? ನಾವೇನು ಕಳ್ಳತನಕ್ಕೆ ಬಂದಿದೀವಾ?"

ಸಂಜೆ ಅಮ್ಮ ಮೇಲೆ ಬಂದಾಗ ಅಜ್ಜಿ ಕೇಳಿದ ಮೊದಲ ಪ್ರಶ್ನೆ, ಈ ಕೆಲಸಕ್ಕೆ ನೀನು ಅಷ್ಟು ಓದಬೇಕಿತ್ತಾ, ಎಂಬುದು. ಸುಂಕದ ಕಚೇರಿ ಎಂದರೆ ಏನೆಂದು ಅಪ್ಪ ವಿವರಿಸಿದ ಮೇಲೆ ಮನೆಗೆ ಸುಂಕದ ಕಟ್ಟೆ ಎಂದು ಹೆಸರಿಟ್ಟಳು. ಮೈಸೂರಿಗೆ ಫೋನ್ ಮಾಡಿದಾಗಲೆಲ್ಲ, "ನಮ್ಮ ಸೊಸೆ ಸುಂಕದ ಕಟ್ಟೆ ಕಾಯ್ತಾಳೆ" ಎನ್ನುತ್ತಿದ್ದಳು. ಅದು ಹಿಂದಿನ ಕೋಣೆಯಿಂದ ಅಡುಗೆಮನೆಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅಮ್ಮ ಪಾತ್ರೆ ಒರೆಸುತ್ತ ಕೇಳಿಸಿಕೊಳ್ಳುತ್ತಿದ್ದಳು. ನವರಾತ್ರಿಯಲ್ಲಿ ಅಮ್ಮ ಹಾಲಿನ ಮೂಲೆಯಲ್ಲಿ ಗೊಂಬೆ ಕೂರಿಸಿದಾಗ ಅಜ್ಜಿ, "ಇಷ್ಟೇನಾ? ಕೆಳಗೆ ವರ್ಷಪೂರ್ತಿ ಕೂರ್ಸಿರ್ತೀಯಲ್ಲ" ಎಂದಳು. ಬಾಗಿಲಲ್ಲೇ ಕಾಲುವೆ ಇಟ್ಟುಕೊಂಡು ಗಣಪತಿಯನ್ನು ಬಕೆಟ್ಟಿನಲ್ಲಿ ಮುಳುಗಿಸಿದ್ದಂತೂ ಅವಳಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಕಾಲುವೆಗೆ ಏನನ್ನೂ ಹಾಕುವಂತಿಲ್ಲ ಎಂದು ಅಮ್ಮ ಹೇಳಿದರೆ, "ಆ ಕತ್ತೆ ದಂಡೆ ಮೇಲೆ ಮಾಡೋದೆಲ್ಲ ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದಳು.

ಚಳಿಗಾಲದಲ್ಲಿ ಮ್ಯೂಸಿಯಂ ವಾರಕ್ಕೊಂದು ದಿನ ಮಾತ್ರ ತೆರೆದಿರುತ್ತಿತ್ತು. ಆ ತಿಂಗಳುಗಳಲ್ಲಿ ಮನೆಗೆ ದನಿ ಮರಳಿ ಬಂತು. ಅಜ್ಜಿ ರೇಡಿಯೇಟರಿನ ಮೇಲೆ ದೋಸೆ ಹಿಟ್ಟು ಹುಳಿ ಬರಲು ಇಟ್ಟು, ಅದರ ಪಕ್ಕ ಕುರ್ಚಿ ಹಾಕಿಕೊಂಡು ನನಗೆ ಕನ್ನಡ ಕಲಿಸಿದಳು. ನಾನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಕಿವಿಗೆ ಕೈ ಅಡ್ಡವಿಟ್ಟು, "ಕೇಳಿಸ್ಲಿಲ್ಲ" ಎನ್ನುತ್ತಿದ್ದಳು. ಕನ್ನಡದಲ್ಲಿ ಹೇಳುವವರೆಗೆ ಅವಳಿಗೆ ಕೇಳಿಸುತ್ತಿರಲಿಲ್ಲ. ಅದು ನಿಜವಾದ ಕಿವುಡೋ ಹಟವೋ ನನಗೆ ತಿಳಿಯುತ್ತಿರಲಿಲ್ಲ. ಇವತ್ತು ನಾನು ಈ ಭಾಷೆಯಲ್ಲಿ ಒಂದು ಪುಟ ಬರೆಯಬಲ್ಲೆನಾದರೆ ಅದು ಆ ರೇಡಿಯೇಟರಿನ ಪಕ್ಕದ ಕುರ್ಚಿಯಿಂದ ಬಂದದ್ದು.

ವಸಂತ ಬಂದು ಪ್ರವಾಸಿಗರು ಮರಳಿದಾಗ ತೊಂದರೆ ಶುರುವಾಯಿತು. ಅಜ್ಜಿಯ ಪೂಜೆ ಹತ್ತೂವರೆಗೆ. ದೇವರ ಮುಂದೆ ಕೂತು ಹಾಡತೊಡಗಿದರೆ ಹಲಗೆಗಳು ಗುಂಯ್ ಎನ್ನುತ್ತಿದ್ದವು. ಮ್ಯೂಸಿಯಂ ನಡೆಸುವ ಸಮಿತಿಯ ಅಧ್ಯಕ್ಷೆ ಮಿಸೆಸ್ ವಿಟೇಕರ್ ಎಂಬಾಕೆ. ಎತ್ತರದ ಹೆಂಗಸು, ನಿವೃತ್ತ ಶಾಲಾ ಶಿಕ್ಷಕಿ, ಬೆಳ್ಳಗಿನ ಕೂದಲನ್ನು ಒಪ್ಪವಾಗಿ ಕತ್ತರಿಸಿಕೊಂಡಿದ್ದಳು. ಒರಟಾಗಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಒಂದು ದಿನ ಅಮ್ಮನನ್ನು ಪಕ್ಕಕ್ಕೆ ಕರೆದು, ಹಾಡು ಬಹಳ ಚೆನ್ನಾಗಿದೆ, ಆದರೆ ಜನ ಹಳೆಯ ಕಾಲುವೆಯ ವಾತಾವರಣಕ್ಕೆಂದು ಬರುತ್ತಾರಲ್ಲವೇ, ಎಂದಳಂತೆ. ಅಷ್ಟೇ. ಅಮ್ಮ ಅದನ್ನು ಎರಡು ದಿನ ಮನಸ್ಸಿನಲ್ಲಿಟ್ಟುಕೊಂಡು ಓಡಾಡಿದಳು. ಮೂರನೆಯ ದಿನ ಸಂಜೆ ಅಜ್ಜಿ ಸೊಪ್ಪು ಬಿಡಿಸುತ್ತಿದ್ದಾಗ ಎದುರಿಗೆ ಕೂತು ತಾನೂ ಒಂದು ಕಟ್ಟು ಬಿಡಿಸತೊಡಗಿದಳು.

"ಅತ್ತೆ, ಪೂಜೆ ಸ್ವಲ್ಪ ಬೇಗ ಮಾಡ್ಕೊಳಕ್ಕಾಗುತ್ತಾ? ಹತ್ತರೊಳಗೆ?"

"ಸ್ನಾನಕ್ಕೆ ಬಿಸಿನೀರು ನಿಮ್ದೆಲ್ಲ ಆದ್ಮೇಲೆ ತಾನೇ ಬರೋದು."

"ಹಾಗಾದ್ರೆ... ಸಣ್ಣಗೆ ಹಾಡ್ಕೊಳಕ್ಕಾಗುತ್ತಾ?"

ಅಜ್ಜಿ ಸೊಪ್ಪಿನಿಂದ ಕಣ್ಣೆತ್ತಲಿಲ್ಲ. "ಯಾರಾದ್ರೂ ಏನಾದ್ರೂ ಅಂದ್ರಾ ನಿಂಗೆ?"

"ಅನ್ನಲಿಲ್ಲ. ಕೇಳಿದ್ರು."

"ಸಣ್ಣಗೆ ಹಾಡಿದ್ರೆ ನಂಗೆ ಕೇಳ್ಸಲ್ಲ ವಸೂ," ಎಂದಳು ಅಜ್ಜಿ. ಇನ್ನೊಂದು ಕಟ್ಟು ಬಿಚ್ಚುತ್ತ, "ಆಗ್ಲಿ" ಎಂದಳು.

ಮರುದಿನದಿಂದ ಅಜ್ಜಿ ದೇವರ ಮುಂದೆ ಕೂತು ತುಟಿಯಾಡಿಸುತ್ತಿದ್ದಳು. ತೊಡೆಯ ಮೇಲೆ ಕೈ ತಾಳ ಹಾಕುತ್ತಿತ್ತು, ಆದರೆ ತೊಡೆಗೆ ತಾಗುತ್ತಿರಲಿಲ್ಲ. ಹಾಡು ಮುಗಿಯಿತೆಂದು ಗೊತ್ತಾಗುತ್ತಿದ್ದುದು ಅವಳು ಕಣ್ಣು ತೆರೆದಾಗ. ಅಪ್ಪ ಅದನ್ನು ಒಂದು ಶನಿವಾರ ನೋಡಿದ. ಆ ರಾತ್ರಿ ಅಮ್ಮನ ಜೊತೆ ಪಿಸುಮಾತಿನಲ್ಲಿ ಬಹಳ ಹೊತ್ತು ಜಗಳವಾಡಿದ. ಆ ಹೊತ್ತಿಗೆ ಹಾಫ್‌ಮನ್ ಎಸ್ಟೇಟ್ಸ್‌ನ ಕಂಪನಿ ಜನರನ್ನು ತೆಗೆಯುತ್ತಿತ್ತು. ಅಪ್ಪ ಮಿಶಿಗನ್ನಿನ ಆಬರ್ನ್ ಹಿಲ್ಸ್‌ನಲ್ಲಿ, ಕಾರು ತಯಾರಿಸುವ ಕಂಪನಿಯೊಂದರಲ್ಲಿ ಕೆಲಸಕ್ಕೆ ಅಪ್ಲೈ ಮಾಡಿದ್ದ. ಅಲ್ಲಿ ಸಬ್‌ಡಿವಿಷನ್ನಿನಲ್ಲಿ, ಅಂದರೆ ಬಿಡಿ ಮನೆಗಳ ಬಡಾವಣೆಯಲ್ಲಿ, ಮನೆ ಮಾಡಬಹುದು, ಯಾರ ತಲೆಯ ಮೇಲೂ ಬದುಕಬೇಕಿಲ್ಲ ಎನ್ನುವುದು ಅವನ ಮಾತು. ಅಮ್ಮ ಹೂಂ ಎನ್ನಲಿಲ್ಲ.

ಜೂನ್ ತಿಂಗಳ ಒಂದು ಶನಿವಾರ ಮನೆಯಲ್ಲಿ ಅಕ್ಕಿ ಮುಗಿದಿತ್ತು, ಅಪ್ಪ ಕಾರಿನ ಜಾಗ ಹೋದರೂ ಹೋಗಲಿ ಎಂದು ದಿನಸಿ ತರಲು ಶಾಮ್‌ಬರ್ಗ್ ಕಡೆಗೆ ಹೋಗಿದ್ದ. ನಾನು ದಂಡೆಯಲ್ಲಿ ಹೇಸರಗತ್ತೆಗೆ ನೀರು ಕುಡಿಸುವುದನ್ನು ನೋಡುತ್ತಿದ್ದೆ. ಅಂದು ದೂರದ ಯಾವುದೋ ಊರಿಂದ ದೊಡ್ಡ ಬಸ್ಸಿನಲ್ಲಿ ಜನ ಬಂದಿದ್ದರು. ಅವರೊಂದಿಗೆ ಮ್ಯೂಸಿಯಂಗೆ ದೇಣಿಗೆ ಕೊಡುವ ಕೆಲವು ಹಿರಿಯರೂ ಇದ್ದರು. ಅಜ್ಜಿ ಅಡುಗೆಮನೆಯಲ್ಲಿ ಮೇಲಿನ ಹಲಗೆಯಿಂದ ಅವಲಕ್ಕಿ ಡಬ್ಬಿ ತೆಗೆಯಲು ಸ್ಟೂಲು ಹತ್ತಿದಳು. ಸ್ಟೂಲು ವಾಲಿತು. ಅಜ್ಜಿ ಬಲಗೈ ಊರಿ ಬಿದ್ದಳು. ಬಸ್ಸಿನವರು ಹೊರಗೆ ಬಂದದ್ದನ್ನು ನೋಡಿ ನಾನು ಮನೆ ಕಡೆ ನಡೆದೆ. ಹಿಂದಿನ ಮೆಟ್ಟಿಲು ಹತ್ತಿ ಅಡುಗೆಮನೆಯ ಬಾಗಿಲಿಗೆ ಬರುವ ಹೊತ್ತಿಗೆ ಅಮ್ಮ ಒಳಮೆಟ್ಟಿಲಿನಿಂದ ಓಡಿ ಬಂದಳು. ಅವಳು ಬೂಟಿನಲ್ಲೇ ಓಡಿ ಬಂದದ್ದನ್ನು ನಾನು ಮೊದಲ ಬಾರಿಗೆ ಕಂಡೆ. ಅಜ್ಜಿ ನೆಲದ ಮೇಲೆ ಮಗ್ಗುಲಾಗಿ ಮಲಗಿದ್ದಳು. ಮಣಿಕಟ್ಟು ಬದನೆಕಾಯಿಯ ಹಾಗೆ ಊದಿ ನೀಲಿಯಾಗಿತ್ತು. ಸುತ್ತ ಅವಲಕ್ಕಿ ಚೆಲ್ಲಿತ್ತು. ಅವಳ ಮುಖದಲ್ಲಿ ಬೆವರು ಮಾತ್ರ ಇತ್ತು.

ಅಮ್ಮ ಮಂಡಿಯೂರಿ ಕೂತು ಅವಳ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಳು.

"ಯಾವಾಗ ಬಿದ್ರಿ? ಅತ್ತೆ, ಯಾವಾಗ ಬಿದ್ದಿದ್ದು?"

"ಆಗ್ಲೇ. ನೀನು ಶುರು ಮಾಡಿದೆಯಲ್ಲ, ಆವಾಗ."

"ಯಾಕೆ ಕೂಗ್ಲಿಲ್ಲ?"

"ಜನ ಇದ್ರಲ್ಲ," ಎಂದಳು ಅಜ್ಜಿ.

ಅಜ್ಜಿ ಎಡಗೈಯಿಂದ ನೆಲವನ್ನು ಮುಟ್ಟಿ ತೋರಿಸಿದಳು.

"ಕಿವಿ ಇದಕ್ಕೆ ಒತ್ಕೊಂಡಿತ್ತು ನೋಡು. ಎಲ್ಲಾ ಕೇಳಿಸ್ತು. ನೀನು ಮಾತಾಡೋದು ನಾನು ಕೇಳೇ ಇರ್ಲಿಲ್ಲ ಕಣೇ. ಅರ್ಥ ಆಗ್ಲಿಲ್ಲ, ಆದ್ರೆ ಎಲ್ಲೂ ತಡವರಿಸ್ಲಿಲ್ಲ ನೀನು. ಮಧ್ಯೆ ನಗಿಸ್ದೆ. ಆಮೇಲೆ ಎಲ್ರೂ ಸುಮ್ನಾದ್ರು. ಏನ್ ಹೇಳ್ದೆ ಆವಾಗ?"

"ಕಾಲುವೆ ಅಗೀತಾ ಕಾಲರಾ ಬಂದು ಸತ್ತವರ ವಿಷಯ," ಎಂದಳು ಅಮ್ಮ.

"ಹಾಗೇ ಅಂದ್ಕೊಂಡೆ. ಯಾರೋ ಸತ್ರು ಅಂತ ಗೊತ್ತಾಯ್ತು," ಎಂದಳು ಅಜ್ಜಿ. ಆಮೇಲೆ, "ಈಗ ಎಬ್ಬಿಸು, ತುಂಬಾ ನೋಯ್ತಿದೆ" ಎಂದಳು.

ಆಸ್ಪತ್ರೆಯಲ್ಲಿ ಎರಡು ಮೂಳೆ ಮುರಿದಿದೆ ಎಂದರು. ಪ್ಲಾಸ್ಟರ್ ಹಾಕಿ ಕಳಿಸಿದರು. ಅಪ್ಪ ನೇರ ಅಲ್ಲಿಗೇ ಬಂದ. ಕಾರಿನ ಹಿಂದಿನ ಸೀಟಿನಲ್ಲಿ ಇನ್ನೂ ಮೂರು ಮೂಟೆ ಅಕ್ಕಿ ಇತ್ತು. ಅವನು ಅಮ್ಮನನ್ನು ಬೈಯಲಿಲ್ಲ. "ಸಾಕು ವಸು" ಎಂದ, ಒಂದೇ ಸಲ. ಅಮ್ಮ ತಲೆಯಾಡಿಸಿದಳು. ಮರುದಿನ ಭಾನುವಾರ ಮ್ಯೂಸಿಯಂ ತೆರೆಯಲಿಲ್ಲ. ಅಮ್ಮ ಬಾಗಿಲಿಗೆ ಬೋರ್ಡು ಹಾಕಿ, ಮೇಲಿನ ಬೀರುವಿನಿಂದ ಚಳಿಗಾಲದ ಬಟ್ಟೆಗಳನ್ನು ಇಳಿಸಿ ಪೆಟ್ಟಿಗೆಗೆ ತುಂಬತೊಡಗಿದಳು. ಆಬರ್ನ್ ಹಿಲ್ಸ್‌ನಿಂದ ಉತ್ತರ ಬಂದು ಆಗಲೇ ಒಂದು ವಾರವಾಗಿತ್ತೆಂದು ನನಗೆ ಗೊತ್ತಾದದ್ದು ಆವಾಗ.

ಸೋಮವಾರ ಅಮ್ಮ ಮಿಸೆಸ್ ವಿಟೇಕರಳ ಮನೆಗೆ ಹೋದಳು. ಶಾಲೆಗೆ ರಜೆಯಿದ್ದದ್ದರಿಂದ ನನ್ನನ್ನೂ ಕರೆದುಕೊಂಡು ಹೋದಳು. ಆಕೆಯ ಮನೆ ಕಾಲುವೆಯಿಂದ ಎರಡು ಬೀದಿ ಮೇಲೆ. ಮುಂದಿನ ಜಗಲಿಯಲ್ಲಿ ಕೂರಿಸಿ ನಿಂಬೆಹಣ್ಣಿನ ಪಾನಕ ಕೊಟ್ಟಳು. ಅಮ್ಮ ಗ್ಲಾಸು ಮುಟ್ಟದೆ, ಕೆಲಸ ಬಿಡುತ್ತಿದ್ದೇನೆ, ಬೇರೆಯವರನ್ನು ಹುಡುಕಿಕೊಳ್ಳಿ ಎಂದಳು. ಕಾರಣ ಕೇಳಿದಾಗ ಅಜ್ಜಿ ಬಿದ್ದದ್ದನ್ನು ಹೇಳಿದಳು.

"ನಿಮಗೆ ಗೊತ್ತಾಗಲಿಲ್ಲವೇ?" ಎಂದು ಮಿಸೆಸ್ ವಿಟೇಕರ್ ಕೇಳಿದಳು.

"ಗೊತ್ತಾಯಿತು. ಏನೋ ಬಿದ್ದ ಸದ್ದು ಕೇಳಿಸಿತು. ಎಲ್ಲರೂ ಮೇಲೆ ನೋಡಿದರು. ಹಳೆಯ ಕಟ್ಟಡ, ಮರ ಹೀಗೆ ಸದ್ದು ಮಾಡುತ್ತದೆ ಎಂದೆ. ಆಮೇಲೆ ಏನೂ ಕೇಳಿಸಲಿಲ್ಲ. ಅದಕ್ಕೆ ಮುಂದುವರಿಸಿದೆ."

ಇದು ನನಗೂ ಹೊಸದು. ನಾನು ಅಮ್ಮನ ಕಡೆ ನೋಡಿದೆ. ಅವಳು ಬೀದಿಯನ್ನು ನೋಡುತ್ತಿದ್ದಳು.

ಮಿಸೆಸ್ ವಿಟೇಕರ್ ತನ್ನ ಗ್ಲಾಸನ್ನು ಕೆಳಗಿಟ್ಟು, "ಹಾಗೆ ಮಾಡಬೇಕೆಂದು ನಾನು ಎಂದೂ ನಿಮ್ಮನ್ನು ಕೇಳುತ್ತಿರಲಿಲ್ಲ" ಎಂದಳು.

"ಕೇಳುವ ಅಗತ್ಯ ನಿಮಗೆ ಬೀಳಲಿಲ್ಲ," ಎಂದಳು ಅಮ್ಮ.

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ವಿಷಯ ಹೀಗಿದೆ ಎನ್ನುವಂತೆ ಹೇಳಿದಳು. ಮಿಸೆಸ್ ವಿಟೇಕರಳ ಕತ್ತು ಕೆಂಪಾಯಿತು. ಅವಳು ಕ್ಷಮೆ ಕೇಳಿದಳು. ಹತ್ತರಿಂದ ಐದರ ಕಟ್ಟುಪಾಡು ಇನ್ನಿಲ್ಲ, ನೀವು ಬೇಕಾದಾಗ ಬೇಕಾದ್ದನ್ನು ಬೇಯಿಸಿ, ನಿಮ್ಮ ಅತ್ತೆ ಹಾಡಲಿ, ಸಮಿತಿಗೆ ನಾನು ಹೇಳುತ್ತೇನೆ ಎಂದಳು. ಅಮ್ಮ ಯೋಚನೆ ಮಾಡುತ್ತೇನೆ ಎಂದೂ ಹೇಳಲಿಲ್ಲ. ಪಾನಕ ಕುಡಿದು ಥ್ಯಾಂಕ್ಸ್ ಹೇಳಿ ಎದ್ದಳು. ದಾರಿಯಲ್ಲಿ ನನ್ನ ಕೈ ಹಿಡಿದುಕೊಂಡಿದ್ದಳು. ಬೆರಳು ತಣ್ಣಗಿತ್ತು.

ಅಂದು ಸಂಜೆ ಊಟಕ್ಕೆ ಕೂತಾಗ ಅಪ್ಪ ಆಬರ್ನ್ ಹಿಲ್ಸ್‌ನ ಮನೆಗಳ ವಿಷಯ ತೆಗೆದ. ಕೆಳಗೇ ಒಂದು ಮಲಗುವ ಕೋಣೆಯಿರುವ ಮನೆ ನೋಡಿದ್ದೇನೆ, ಅಜ್ಜಿಗೆ ಮೆಟ್ಟಿಲು ಹತ್ತುವ ಕಷ್ಟವಿಲ್ಲ ಎಂದ. ಅಜ್ಜಿ ಎಡಗೈಯಲ್ಲಿ ಚಮಚ ಹಿಡಿದು ಅನ್ನವನ್ನು ತಟ್ಟೆಯಂಚಿಗೆ ತಳ್ಳುತ್ತಿದ್ದಳು. ಆ ಕೈಯಲ್ಲಿ ಅವಳಿಗೆ ತಿನ್ನಲು ಬರುತ್ತಿರಲಿಲ್ಲ. ಅಮ್ಮ ತನ್ನ ತಟ್ಟೆ ಬಿಟ್ಟು ಎದ್ದು, ಅವಳ ಪಕ್ಕ ಕೂತು ಅನ್ನ ಕಲೆಸಿ ತುತ್ತು ಕೊಡತೊಡಗಿದಳು.

"ನಾನೆಲ್ಲೂ ಬರಲ್ಲಪ್ಪ," ಎಂದಳು ಅಜ್ಜಿ.

"ಅಮ್ಮ, ನಿನಗೋಸ್ಕರನೇ ಹೋಗ್ತಿರೋದು."

"ನಂಗೋಸ್ಕರ ಆದ್ರೆ ಬೇಡ. ಇವಳು ಕೆಲಸ ಬಿಟ್ಟು ಅಲ್ಲಿ ಬಂದು ಏನ್ ಮಾಡ್ತಾಳೆ? ಮತ್ತೆ ಸೋಫಾ ಮೇಲೆ ಕೂತ್ಕೋಬೇಕಾ?"

ಸೋಫಾದ ಮಾತು ಅವಳಿಗೆ ಹೇಗೆ ಗೊತ್ತಾಯಿತೋ. ಅಪ್ಪ ಹೇಳಿರಬೇಕು. ಅಮ್ಮನ ಕೈ ತುತ್ತು ಹಿಡಿದುಕೊಂಡು ಗಾಳಿಯಲ್ಲಿ ನಿಂತಿತು.

"ಅತ್ತೆ, ನಾನು ಸದ್ದು ಕೇಳಿಸ್ಕೊಂಡೆ. ಬರ್ಲಿಲ್ಲ," ಎಂದಳು.

"ಗೊತ್ತು. ನೀನು ಒಂದ್ ಗಳಿಗೆ ಮಾತು ನಿಲ್ಲಿಸ್ದೆ. ಆಮೇಲೆ ಶುರು ಮಾಡ್ದೆ. ನಾನೂ ಕೂಗ್ಲಿಲ್ಲ. ಇಬ್ರದ್ದೂ ಸರಿಯಾಯ್ತು. ತುತ್ತು ಕೊಡು."

ಅಪ್ಪ ತಟ್ಟೆ ತೆಗೆದುಕೊಂಡು ಎದ್ದುಹೋದ. ಅವನಿಗೆ ಬೇಸರವಾಗಿತ್ತು. ಅದು ಅನ್ಯಾಯವಾದ ಬೇಸರವೇನಲ್ಲ. ಎಲ್ಲರೂ ಬರುತ್ತಾರೆಂದು ತಿಳಿದು ಅವನು ಅಂದು ಬೆಳಿಗ್ಗೆಯೇ ಆ ಕೆಲಸ ಒಪ್ಪಿಕೊಂಡಿದ್ದ, ಇಲ್ಲಿಯದನ್ನು ಬಿಟ್ಟಿದ್ದ. ಅಮ್ಮ ಮಿಸೆಸ್ ವಿಟೇಕರಳಿಗೆ ಫೋನ್ ಮಾಡಿ ಕೆಲಸದಲ್ಲಿ ಉಳಿದಳು, ಅಪ್ಪ ಜುಲೈನಲ್ಲಿ ಒಬ್ಬನೇ ಹೊರಟ. ಎರಡು ವರ್ಷ ಆಬರ್ನ್ ಹಿಲ್ಸ್‌ನ ಒಂದು ಸಣ್ಣ ಅಪಾರ್ಟ್‌ಮೆಂಟಿನಲ್ಲಿದ್ದು, ಒಂದು ವಾರ ಬಿಟ್ಟು ಒಂದು ವಾರ ಶುಕ್ರವಾರ ಐದೂವರೆ ಗಂಟೆ ಡ್ರೈವ್ ಮಾಡಿಕೊಂಡು ಬರುತ್ತಿದ್ದ. ಆಮೇಲೆ ಶಾಮ್‌ಬರ್ಗ್‌ನಲ್ಲಿ ಕೆಲಸ ಸಿಕ್ಕಿ ಮರಳಿದ. ಆ ಎರಡು ವರ್ಷದಲ್ಲಿ ಅಪ್ಪ ಅಮ್ಮನ ನಡುವೆ ಏನೋ ಸವೆಯಿತು. ಅದು ಪೂರ್ತಿ ಸರಿಹೋಯಿತೆಂದು ನಾನು ಹೇಳಲಾರೆ. ಹೊರಡುವ ದಿನ ಅವನು ಮೆಟ್ಟಿಲ ಕೆಳಗೆ ಕಾರಿಗೆ ಸಾಮಾನು ತುಂಬುತ್ತಿದ್ದಾಗ, ಪ್ರವಾಸಿ ಹೆಂಗಸೊಬ್ಬಳು ಅವನನ್ನು ತಡೆದು ದೋಣಿಯ ಟಿಕೆಟ್ಟು ಎಲ್ಲಿ ಸಿಗುತ್ತದೆಂದು ಕೇಳಿದಳು. ಅಪ್ಪ ಪೆಟ್ಟಿಗೆ ಕೆಳಗಿಟ್ಟು ಅವಳನ್ನು ಮೂಲೆಯವರೆಗೆ ಕರೆದುಕೊಂಡು ಹೋಗಿ ತೋರಿಸಿ ಬಂದ.

ಅಪ್ಪ ಹೋದ ಮರುವಾರ ಅಜ್ಜಿ ಒಂದು ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟು, ಅದರ ಮೇಲೆ ಕಾರ್ಡಿಗನ್ ಹಾಕಿಕೊಂಡು, ಪ್ಲಾಸ್ಟರಿನ ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡ ಬಟ್ಟೆಯಲ್ಲಿ ಇಟ್ಟುಕೊಂಡು, ನನ್ನನ್ನು ಕರೆದಳು. ಕೆಳಗೆ ಕರೆದುಕೊಂಡು ಹೋಗು ಎಂದಳು. ಬಂದು ಒಂದು ವರ್ಷವಾಗುತ್ತ ಬಂದಿದ್ದರೂ ಅವಳು ಆ ಕೋಣೆಗಳ ಒಳಗೆ ಕಾಲಿಟ್ಟಿರಲಿಲ್ಲ. ನಾವು ಹಿಂದಿನಿಂದ ಇಳಿದು, ಕಟ್ಟಡವನ್ನು ಸುತ್ತಿ, ಮುಂಬಾಗಿಲಿನಿಂದ ಒಳಗೆ ಹೋಗಿ, ಸೇರಿದ್ದ ಗುಂಪಿನ ಹಿಂದೆ ನಿಂತೆವು. ವಿವರಣೆ ಶುರುಮಾಡುವ ಮುಂಚೆ ಅಮ್ಮನಿಗೆ ಬಂದವರನ್ನೆಲ್ಲ ಎಲ್ಲಿಂದ ಬಂದಿರಿ ಎಂದು ಒಬ್ಬೊಬ್ಬರಾಗಿ ಕೇಳುವ ರೂಢಿಯಿತ್ತು. ಒಬ್ಬರು ಅಯೊವಾ ಎಂದರು. ಒಬ್ಬರು ಒಹಾಯೊ. ಕ್ಯಾಮೆರಾ ಹಿಡಿದ ದಂಪತಿ ಜರ್ಮನಿ ಎಂದರು. ಅಮ್ಮನ ಕಣ್ಣು ಸಾಲಿನಲ್ಲಿ ಸರಿಯುತ್ತ ಅಜ್ಜಿಯ ಮೇಲೆ ಬಂದು ನಿಂತಿತು. ಒಂದು ಕ್ಷಣ ಅವಳು ಮುಂದಿನವರಿಗೆ ಹೋಗುತ್ತಾಳೆಂದು ನನಗನ್ನಿಸಿತು. ಆದರೆ ಹೋಗಲಿಲ್ಲ. ಉಳಿದವರನ್ನು ಕೇಳಿದ ದನಿಯಲ್ಲೇ ಇಂಗ್ಲಿಷಿನಲ್ಲಿ, ತಾವು ಎಲ್ಲಿಂದ ಬಂದಿರಿ ಎಂದು ಕೇಳಿದಳು.

ಅಜ್ಜಿ ಬೇರೆಯವರ ಉತ್ತರಗಳನ್ನು ಗಮನಿಸುತ್ತ ಪ್ರಶ್ನೆ ಏನೆಂದು ತಿಳಿದುಕೊಂಡಿದ್ದಳು. ತನಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು.

"ಅಪ್‌ಸ್ಟೇರ್ಸ್."

ಕೆಲವರು ನಕ್ಕರು, ಕೆಲವರು ತಲೆಯೆತ್ತಿ ಸೂರು ನೋಡಿದರು. ಅಮ್ಮ "ವೆಲ್‌ಕಮ್" ಎಂದಳು. ಆಮೇಲೆ ಎಲ್ಲರನ್ನೂ ಕರೆದುಕೊಂಡು ಕಾಲುವೆಯ ಕಡೆಗಿನ ಕಿಟಕಿಗೆ ನಡೆದಳು. ಅಜ್ಜಿ ಜನರನ್ನು ಎಡಗೈಯಿಂದ ಮೆಲ್ಲಗೆ ಸರಿಸಿಕೊಂಡು ಹೋಗಿ ಎಲ್ಲರಿಗಿಂತ ಮುಂದೆ ನಿಂತಳು.